ಕಿರುಬೆರಳಿಲ್ಲದ ಲೆಕ್ಕ

ಕಲ್ಲಿನ ಶೆಡ್ಡಿನಿಂದ,
ಅಕ್ಟೋಬರ್ ೨೬, ಭಾನುವಾರ ಬೆಳಗ್ಗೆ

ಪ್ರೀತಿಯ ಮಗಳೇ,

ಮೊದಲು ‘ಸೊಸೆಗೆ’ ಎಂದು ಬರೆದಿದ್ದೆ. ಯಾಕೋ ಸರಿ ಕಾಣಲಿಲ್ಲ, ಹರಿದು ಹಾಕಿದೆ. ಇದು ಎರಡನೆಯ ಕಾಗದ. ಹೇಗಿದ್ದೀಯ? ಊಟ ಸೇರುತ್ತಿದೆಯೇ? ಬೆನ್ನುನೋವು ಈಗ ಹೇಗಿದೆ? ನಿನ್ನ ತಾಯಿಯವರು ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ನನಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೇನೆ. ಕೆಮ್ಮು ಮಾತ್ರ ಹಾಗೇ ಇದೆ. ನೀನು ಬೈಯುವುದು ನಿಂತ ಮೇಲೆ ಅದಕ್ಕೂ ಸಲಿಗೆ ಜಾಸ್ತಿಯಾಗಿದೆ. ನಿನ್ನ ಗಂಡ ಕಾರ್ಖಾನೆಗೆ ಹೋಗುತ್ತಾನೆ, ಬರುತ್ತಾನೆ, ನಾನು ಬೇಯಿಸಿ ಹಾಕಿದ್ದನ್ನು ತಿನ್ನುತ್ತಾನೆ. ಮೊನ್ನೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅವನು ತುಟಿ ಪಿಟಕ್ಕೆನ್ನದೆ ಉಂಡು ಎದ್ದ. ಆಮೇಲೆ ನಾನು ಕೂತು ತಿಂದಾಗಲೇ ಗೊತ್ತಾದದ್ದು.

ಸುತ್ತಿಬಳಸಿ ಮಾತಾಡಿ ನನಗೆ ಅಭ್ಯಾಸವಿಲ್ಲ. ಆದರೂ ಈ ಮಾತಿಗೆ ಬರಲು ಒಂದೂವರೆ ತಿಂಗಳು ಹಿಡಿಯಿತು. ಮಗುವನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ನೀನು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಸಮಾಧಾನ ಹೇಳೋಣ ಎಂದು ಬಂದವನು ನಾನು. ಬಂದು ಹೇಳಿದ್ದೇನು? “ಆರು ತಿಂಗಳ ಕೂಸು ತಾನೇ, ಮನಸ್ಸಿಗೆ ಹಚ್ಚಿಕೋಬೇಡಮ್ಮ, ಇನ್ನೊಂದು ಆಗುತ್ತೆ” ಎಂದೆ. ನೀನು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ತಲೆ ಎತ್ತಿ ಒಂದೇ ಮಾತು ಕೇಳಿದೆ: “ಆರು ತಿಂಗಳು ಅಂದ್ರೆ ಎಷ್ಟು ದಿನ ಅಂತ ಗೊತ್ತಾ ಮಾವ ನಿಮಗೆ?” ಮಧ್ಯಾಹ್ನದ ಬಸ್ಸಿಗೆ ತಾಯಿಯ ಮನೆಗೆ ಹೊರಟುಬಿಟ್ಟೆ. ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಎಂದು ಅವತ್ತಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ.

ನಿಜಕ್ಕೂ ನನಗೆ ಗೊತ್ತಿರಲಿಲ್ಲ. ಕಲ್ಲು ನಿಲ್ಲಿಸಲು ಅನುಮತಿ ಕೇಳೋಣವೆಂದು ಸ್ಮಶಾನದ ಕಚೇರಿಗೆ ಹೋಗಿದ್ದೆ. ಗುಮಾಸ್ತ ರಿಜಿಸ್ಟರು ತೆರೆದ. ವಯಸ್ಸಿನ ಕಾಲಮ್ಮಿನಲ್ಲಿ, ನಾನು ಸಣ್ಣ ಯಜಮಾನಿ ಎಂದು ಕರೆಯುತ್ತಿದ್ದ ನಮ್ಮ ಕೂಸಿನ ಎದುರಿಗೆ ಒಂದು ಸೊನ್ನೆ ಬರೆದಿತ್ತು. ಇದೇನಪ್ಪಾ ಎಂದರೆ, ವರ್ಷ ತುಂಬದಿದ್ದರೆ ಸೊನ್ನೆಯೇ ಎಂದ. ಅವನಿಗೆ ಎರಡು ಬಿಗಿಯೋಣ ಅನ್ನಿಸಿತು. ಆದರೆ ಯಾವ ಬಾಯಲ್ಲಿ ಬೈಯಲಿ? ನಲವತ್ತು ವರ್ಷದಿಂದ ಸಮಾಧಿ ಕಲ್ಲು ಕೆತ್ತುವವನು ನಾನು. ಹಿಂದೊಮ್ಮೆ ಒಬ್ಬ ತಾಯಿ ಬಂದು, ನಾಲ್ಕು ವರ್ಷ ಏಳು ತಿಂಗಳು ಎಂದು ಕೆತ್ತಿಕೊಡಿ ಎಂದು ಕೇಳಿದಾಗ, ತುಂಬಿದ ವರ್ಷ ಮಾತ್ರ ಹಾಕುವುದು ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದ್ದೆ. ಆಕೆ ಕಲ್ಲನ್ನು ಅಂಗೈಯಲ್ಲಿ ಒಮ್ಮೆ ಸವರಿ ಹೋಗಿದ್ದಳು.

ಬಂದವನೇ ಒಂದು ಚಿಕ್ಕ ಬಿಳಿ ಕಲ್ಲು ಆರಿಸಿದೆ. ಆರು ತಿಂಗಳು ಐದು ದಿನ ಎಂದು ಕೆತ್ತೋಣವೇ ಎಂದರೆ, ತಿಂಗಳು ಎನ್ನುವುದು ನೆಚ್ಚುವ ಅಳತೆಯಲ್ಲ. ಒಂದಕ್ಕೆ ಮೂವತ್ತು, ಒಂದಕ್ಕೆ ಮೂವತ್ತೊಂದು, ಫೆಬ್ರವರಿಯ ಪಾಡು ಕೇಳುವುದೇ ಬೇಡ. ನನ್ನ ಅಳತೆಪಟ್ಟಿ ಹೀಗೆ ಆಡಿದ್ದರೆ ಎಂದೋ ಒಲೆಗೆ ಹಾಕುತ್ತಿದ್ದೆ. ದಿನವಾದರೆ ಎಲ್ಲವೂ ಒಂದೇ ಸಮ. ಸರಿ, ದಿನದಲ್ಲೇ ಎಣಿಸೋಣ ಎಂದು ಕೂತೆ. ಮುಷ್ಟಿ ಹಿಡಿದು ತಿಂಗಳು ಎಣಿಸುವುದನ್ನು ನೀನೇ ಕಲಿಸಿದ್ದಲ್ಲವೇ? ಗೆಣ್ಣು ಬಂದರೆ ಮೂವತ್ತೊಂದು, ತಗ್ಗು ಬಂದರೆ ಮೂವತ್ತು. ಸುತ್ತಿಗೆ ಏಟಿಗೆ ಕಿರುಬೆರಳು ಹೋದ ನನ್ನ ಎಡಗೈ ನೋಡಿ, ನಿನ್ನ ಮುಷ್ಟಿಯನ್ನೇ ಚಾಚಿ ಹೇಳಿಕೊಟ್ಟಿದ್ದೆ. ಮಡಿಲಲ್ಲಿದ್ದ ಸಣ್ಣ ಯಜಮಾನಿ ನನ್ನ ತೋರುಬೆರಳು ಹಿಡಿದುಕೊಂಡು, ಏಪ್ರಿಲ್ ದಾಟಲು ಬಿಡಲೇ ಇಲ್ಲ.

ಈ ಸಲ ಯಾರೂ ಬೆರಳು ಹಿಡಿಯಲಿಲ್ಲ. ಮಾರ್ಚ್ ನಾಲ್ಕರಿಂದ ಹಿಡಿದು ಒಂದೊಂದೇ ದಿನ ಎಣಿಸಿದೆ. ಬರಿ ಅಂಕಿ ಎಂದುಕೊಂಡಿದ್ದೆ, ಎಣಿಸುತ್ತ ಹೋದರೆ ಒಂದೊಂದೂ ಒಂದು ಇಡೀ ದಿನ. ಹಗ್ಗದ ತುಂಬ ಅವಳ ಬಟ್ಟೆ ಒಣಗುತ್ತಿದ್ದ ದಿನ. ನನ್ನ ಉಳಿಯ ಸದ್ದು ನಿಂತರೆ ಸಾಕು, ಎಚ್ಚರವಾಗಿ ಕಿರುಚುತ್ತಿದ್ದ ದಿನ. ಅವಳು ಮಲಗಲಿ ಎಂದು ಕೆಲಸವಿಲ್ಲದಿದ್ದರೂ ಖಾಲಿ ಕಲ್ಲು ಕುಟ್ಟುತ್ತ ಕೂತಿರುತ್ತಿದ್ದೆ. ಆಗಸ್ಟಿನಲ್ಲಿ ಒಂದು ದಿನ ಶೆಡ್ಡಿನ ಗೋಣಿಚೀಲದ ಮೇಲೆ ಯಾರ ಆಸರೆಯೂ ಇಲ್ಲದೆ ಕೂತಳಲ್ಲ, ನಾನು ಒಂದು ಎರಡು ಎಂದು ನಾಲ್ಕು ಎಣಿಸುವಷ್ಟು ಹೊತ್ತು. ಆಮೇಲೆ ಕಲ್ಲುಪುಡಿಗೆ ಮಗುಚಿ ಸೀನಿದಳು. ನೀನು ಓಡಿಬಂದು ನನ್ನನ್ನು ಚೆನ್ನಾಗಿ ಬೈದೆ, ಬೈಯುತ್ತಲೇ ನಕ್ಕೆ. ಎಣಿಕೆ ನೂರು ದಾಟುವಷ್ಟರಲ್ಲಿ ನನ್ನ ಕಣ್ಣು ಮಂಜಾಗಿ ಎದ್ದು ಹೋದೆ. ಮರುದಿನ ಕೂತು ಮುಗಿಸಿದೆ.

ನೀನು ಕೇಳಿದ್ದಕ್ಕೆ ಈಗ ಉತ್ತರ ಗೊತ್ತು ಮಗಳೇ. ಅವಳ ಹೆಸರು, ಅದರ ಕೆಳಗೆ ‘ಬಾಳಿದ್ದು ೧೮೯ ದಿನ’ ಎಂದು ಕೆತ್ತಿದ್ದೇನೆ. ಬಂದ ದಿನ, ಹೋದ ದಿನ ಎರಡನ್ನೂ ಸೇರಿಸಿದ್ದೇನೆ, ಎರಡೂ ದಿನ ಅವಳು ನಮ್ಮ ಜೊತೆಗಿದ್ದಳು. ಅಷ್ಟು ದಿನವನ್ನು ಒಂದೇ ಮಾತಿನಲ್ಲಿ ತೂರಿಬಿಟ್ಟೆನಲ್ಲ, ಅದು ತಪ್ಪು. ದೊಡ್ಡವನೆಂದು ಸಂಕೋಚಪಡದೆ ಹೇಳುತ್ತೇನೆ, ನನ್ನನ್ನು ಕ್ಷಮಿಸು. ಬರುವ ಭಾನುವಾರ ಕಲ್ಲು ನಿಲ್ಲಿಸುತ್ತೇವೆ. ಬಾ ಎಂದು ಒತ್ತಾಯ ಮಾಡುವ ಮುಖ ನನಗಿಲ್ಲ.

ನಿನ್ನ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಎಲ್ಲಿದ್ದರೂ ತಣ್ಣಗಿರು.

ನಿನ್ನ ಮಾವ

ತಾ.ಕ.: ಕಾಗದ ಮಡಚಿ, ಲಕೋಟೆ ಹುಡುಕಲು ನಿನ್ನ ಕೋಣೆಗೆ ಹೋದೆ. ನೀನು ಹೋದ ಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಬೀರುವಿನ ಬಾಗಿಲ ಒಳಗಡೆ ನೀನು ಪೆನ್ಸಿಲಿನಲ್ಲಿ ಬರೆದಿಟ್ಟದ್ದು ಕಂಡಿತು. ಮೊದಲು ನಕ್ಕದ್ದು, ಮಗುಚಿದ್ದು, ಎಲ್ಲ. ಕೊನೆಯ ಸಾಲು: ‘ಆಗಸ್ಟ್ ೩೧. ತಾನೇ ಕೂತಳು. ಮಾವ ನಾಲ್ಕರವರೆಗೆ ಎಣಿಸಿದರು.’ ನನ್ನ ಲೆಕ್ಕದಲ್ಲಿ ಆಗಸ್ಟಿಗೆ ಮೂವತ್ತೇ ದಿನ. ಕಿರುಬೆರಳಿನ ಗೆಣ್ಣು ಇಲ್ಲದ್ದಕ್ಕೆ ಜುಲೈಯನ್ನು ತಿರುಗಿ ಮೊದಲ ಗೆಣ್ಣಿಗೆ ಇಟ್ಟಿದ್ದೇನೆ, ಆಗಸ್ಟು ತಗ್ಗಿಗೆ ಬಿದ್ದಿದೆ. ಅವಳು ಕೂತ ದಿನವನ್ನೇ ಬಿಟ್ಟು ಕೆತ್ತಿದ್ದೇನೆ ಮಗಳೇ. ನೂರ ತೊಂಬತ್ತು ಇರಬೇಕು, ಆದರೆ ನನ್ನ ಕೈಯನ್ನು ಇನ್ನು ನಾನು ನಂಬುವುದಿಲ್ಲ. ಕಲ್ಲಿನ ಮುಖ ಉಜ್ಜಿ ಅಂಕಿ ಅಳಿಸುತ್ತೇನೆ. ಭಾನುವಾರದ ಮಾತು ಬಿಡು, ಯಾವಾಗಲಾದರೂ ಸರಿ. ನೀನು ಬಂದು, ನಿನ್ನ ಮುಷ್ಟಿ ಹಿಡಿದು, ಒಂದರಿಂದ ಎಣಿಸಿ ಹೇಳು. ಅಲ್ಲಿಯವರೆಗೆ ಆ ಜಾಗ ಖಾಲಿ ಇಟ್ಟಿರುತ್ತೇನೆ.