ಬೆಣ್ಣೆಯ ತಪ್ಪಲ್ಲವಂತೆ

ಅಮ್ಮಾ,

ಮಗಳ ಇಸುಬು ಇನ್ನೂ ಇಳಿದಿಲ್ಲ. ಕೆರೆದುಕೊಳ್ಳಬಾರದೆಂದು ಹೊಲಿಗೆ ಅಂಗಡಿಯ ತುಂಡು ಬಟ್ಟೆಯಲ್ಲಿ ಕೈಗವಸು ಹೊಲಿದು ಹಾಕಿದರೆ ಹಲ್ಲಿನಿಂದ ಕಿತ್ತುಹಾಕುತ್ತಾಳೆ.

ಇವತ್ತು ರಕ್ತದ ವರದಿ ಬಂತು. ಅವಳಿಗೂ ಕೊಬ್ಬು ಜಾಸ್ತಿ, ನನಗೂ ಜಾಸ್ತಿ.

"ನಮ್ಮಮ್ಮ ಇವಳಿಗೆ ಕದ್ದುಮುಚ್ಚಿ ಬೆಣ್ಣೆ ತಿನ್ನಿಸ್ತಿದ್ರು ಡಾಕ್ಟ್ರೇ, ಅದಕ್ಕೇ ಇಸುಬು ಬಂತಲ್ವಾ?" ಎಂದೆ.

"ಇಸುಬಿಗೂ ರಕ್ತದ ಕೊಬ್ಬಿಗೂ ನಂಟಿರಬಹುದು ಅಂತಾರೆ, ಯಾವುದರಿಂದ ಯಾವುದು ಅಂತ ಗೊತ್ತಿಲ್ಲ. ಈ ಕೊಬ್ಬು ನಿಮ್ಮ ವಂಶದಲ್ಲೇ ಇರೋ ಹಾಗಿದೆ ಕಣಮ್ಮ. ಒಂದು ಚಮಚ ಬೆಣ್ಣೆ ಮೇಲೆ ಯಾಕೆ ಹೊರಿಸ್ತೀರಾ?"

ಆ ಚಮಚಕ್ಕಾಗಿಯೇ ನಿನ್ನನ್ನು ತಮ್ಮನ ಮನೆಗೆ ಅಟ್ಟಿದ್ದೆ. ನೀನು ಅಲ್ಲೇ ತೀರಿಕೊಂಡದ್ದನ್ನು ಮಗಳಿಗೆ ಇನ್ನೂ ಹೇಳಿಲ್ಲ.

ಅವಳು ನನ್ನ ತೋಳು ಜಗ್ಗಿದಳು. "ಹಾಗಾದ್ರೆ ಅಜ್ಜಿ ಮೇಲೆ ಕೋಪ ಹೋಯ್ತಾ? ಇವತ್ತೇ ಕರ್ಕೊಂಡ್ ಬರೋಣ್ವಾ?"

"ಹ್ಞೂಂ" ಅಂದುಬಿಟ್ಟೆ ಅಮ್ಮಾ. ಮನೆಗೆ ಬಂದ ಮೇಲೂ ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದಾಳೆ.