ಕೆಂಗೇರಿಯಲ್ಲಿ ಉಳಿಸಿದ ನಿಮಿಷಗಳು ಎಲ್ಲಿ ಹೋದವು?

ಕೆಂಗೇರಿ
ಆಗಸ್ಟ್ 1958

ರೈಲ್ವೆ ಸಂಚಾರ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಬೆಳಗಿನ ರೈಲಿನಲ್ಲಿ ಸಕಾರಣವಿಲ್ಲದೆ ಅಪಾಯದ ಸರಪಳಿ ಎಳೆದಿದ್ದೇನೆಂದು ತಮ್ಮ ಕಚೇರಿ ನನ್ನ ಮೇಲೆ ಆಪಾದನೆ ಹೊರಿಸಿದೆ. ಲಿಖಿತವಾಗಿ ಕ್ಷಮೆ ಕೇಳಿದರೆ ಈ ಸಲಕ್ಕೆ ಬಿಟ್ಟುಬಿಡುವ ಔದಾರ್ಯವನ್ನೂ ತೋರಿಸಿದೆ. ನಾನು ಕ್ಷಮೆ ಕೇಳುವುದಿಲ್ಲ, ವಿವರಣೆ ಕೊಡುತ್ತೇನೆ. ತಮ್ಮ ಕಚೇರಿಗೆ ಮಾತ್ರ ಕಳಿಸಿದರೆ ಅದು ಯಾವುದಾದರೂ ಕಪಾಟಿನಲ್ಲಿ ಸುಖವಾಗಿ ನಿದ್ದೆಹೋದೀತೆಂಬ ಅನುಮಾನ ನನಗಿರುವುದರಿಂದ ಪತ್ರಿಕೆಯ ಮೂಲಕ ಕೊಡುತ್ತಿದ್ದೇನೆ.

ನಾನು ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಹುಟ್ಟೂರು ದಾವಣಗೆರೆಯ ಕಡೆ; ಯಜಮಾನರ ಉದ್ಯೋಗದ ದೆಸೆಯಿಂದ ಕೆಂಗೇರಿಯಲ್ಲಿ ಮನೆ ಮಾಡಿದ್ದೇವೆ. ದಿನಾ ಬೆಳಗಿನ ರೈಲಿಗೆ ಸಿಟಿ ಸ್ಟೇಷನ್ನಿಗೆ ಹೋಗಿ ಅಲ್ಲಿಂದ ಶಾಲೆಗೆ ಹೋಗುವವಳು. ಆದ್ದರಿಂದ ನಾನು ರೈಲಿನ ಶತ್ರುವಲ್ಲ. ತಮ್ಮ ಡೀಸೆಲ್ ಎಂಜಿನ್ನಿನ ಶತ್ರುವೂ ಅಲ್ಲ. ಅದು ಕೆಂಗೇರಿಗೆ ಮೊದಲ ದಿನ ಬಂದಾಗ ಊರವರೆಲ್ಲ ಹೋಗಿ ಅರಿಶಿನ ಕುಂಕುಮ ಹಚ್ಚಿದರು. ನಾನೂ ಕರ್ಪೂರ ಬೆಳಗಿದೆ. ಇನ್ನು ಕಣ್ಣಿಗೆ ಇದ್ದಲ ಕಿಡಿ ಬೀಳುವುದಿಲ್ಲ, ಬಿಳಿ ಸೀರೆ ಉಟ್ಟು ಶಾಲೆಗೆ ಹೋಗಬಹುದು ಎಂದು ಹಿಗ್ಗಿದವರಲ್ಲಿ ನಾನೂ ಒಬ್ಬಳು. ಹಿಗ್ಗು ಇಳಿದದ್ದು ಹೊಸ ವೇಳಾಪಟ್ಟಿ ಅಂಟಿಸಿದ ಮೇಲೆ.

ಹಳೆಯ ಎಂಜಿನ್ನಿಗೆ ಬಾಯಾರಿಕೆಯಾಗುತ್ತಿತ್ತು. ಕೆಂಗೇರಿಯಲ್ಲಿ ನಿಂತು ನಿಧಾನವಾಗಿ ನೀರು ಕುಡಿಯುತ್ತಿತ್ತು. ಅದು ಕುಡಿದು ಮುಗಿಸುವುದರೊಳಗೆ ಹೂವಿನವರು, ಸೊಪ್ಪಿನವರು, ಹಾಲಿನವರು ತಮ್ಮ ಬುಟ್ಟಿ ಕ್ಯಾನುಗಳನ್ನು ಏರಿಸಿ, ಜಗಳವಾಡಿ, ರಾಜಿಯಾಗಿ, ಕೂತಾಗುತ್ತಿತ್ತು. ಡೀಸೆಲ್ ಎಂಜಿನ್ನಿಗೆ ನೀರು ಬೇಡವಂತೆ. ನೀರು ಬೇಡವಾದ್ದರಿಂದ ಅಷ್ಟು ಹೊತ್ತಿನ ನಿಲುಗಡೆಯೂ ಬೇಡವೆಂದು ತಾವು ತೀರ್ಮಾನಿಸಿದಿರಿ. ಈಗ ನಿಲ್ಲುವುದು ಒಂದೇ ಒಂದು ನಿಮಿಷ! ಎಂಜಿನ್ನಿಗೆ ಬೇಡವಾದ ಸಮಯ ಮನುಷ್ಯರಿಗೂ ಬೇಡವೆಂದು ತಮಗೆ ಯಾರು ಹೇಳಿದರು? ರೈಲು ಕೆಂಗೇರಿಯಲ್ಲಿ ನಿಲ್ಲುತ್ತಿದ್ದದ್ದು ನೀರಿಗಾಗಿ ಮಾತ್ರ, ನಾವು ಅಷ್ಟರಲ್ಲಿ ನುಸುಳಿಕೊಳ್ಳುತ್ತಿದ್ದ ಇರುವೆಗಳು ಎಂದು ಇಷ್ಟು ವರ್ಷ ನಮಗೇ ಗೊತ್ತಿರಲಿಲ್ಲ.

ಈಗ ಆ ದಿನದ ಸಂಗತಿಗೆ ಬರುತ್ತೇನೆ.

ಮುನಿತಾಯಮ್ಮ ನಮ್ಮ ಬೀದಿಯವಳು. ವಿಧವೆ. ಕನಕಾಂಬರ, ಕಾಕಡ ಬೆಳೆದು, ಮಾಲೆ ಕಟ್ಟಿ, ಪೇಟೆಗೆ ಒಯ್ದು ಮಾರುವವಳು. ಮನೆಯಲ್ಲಿ ಅವಳೂ ಅವಳ ಅತ್ತೆ ಲಿಂಗಮ್ಮನೂ ಇಬ್ಬರೇ. ಲಿಂಗಮ್ಮನಿಗೆ ಪೊರೆ ಬೆಳೆದು ಎರಡು ಕಣ್ಣೂ ಕಾಣದೆ ಕೆಲವು ವರ್ಷಗಳಾಗಿದ್ದವು. ಬಹಳ ಓಡಾಡಿದ ಮೇಲೆ ಪೇಟೆಯ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಹಾಸಿಗೆ ಸಿಕ್ಕಿತ್ತು. ಆ ಬೆಳಿಗ್ಗೆ ಹೋಗಿ ಸೇರಬೇಕಿತ್ತು.

ರೈಲು ಬಂತು. ನಾನು ಹೆಂಗಸರ ಡಬ್ಬಿಗೆ ಹತ್ತಿ ಮೇಲಿನಿಂದ ಲಿಂಗಮ್ಮನ ಎರಡು ಕೈ ಹಿಡಿದೆ. ಮುನಿತಾಯಮ್ಮ ಕೆಳಗಿನಿಂದ ಎತ್ತಿಕೊಟ್ಟಳು. ಕಾಣದ ಮುದುಕಿ, ಮೆಟ್ಟಿಲು ಎತ್ತರ. ಒಂದೊಂದೇ ಹೆಜ್ಜೆ ಇಡಿಸಬೇಕಲ್ಲವೇ? ಆಕೆಯನ್ನು ಬೆಂಚಿನ ಮೇಲೆ ಕೂರಿಸಿ ತಿರುಗಿ ನೋಡುವುದರೊಳಗೆ ಮುನಿತಾಯಮ್ಮ ಹೂವಿನ ಬುಟ್ಟಿ ಎತ್ತಿಕೊಳ್ಳಲು ಬಗ್ಗಿದ್ದಳು. ಹಳೆಯ ಎಂಜಿನ್ನಾದರೆ ಹೊರಡುವ ಮುಂಚೆ ಬುಸುಗುಟ್ಟುತ್ತಿತ್ತು, ಡಬ್ಬಿಗಳನ್ನೆಲ್ಲ ಒಮ್ಮೆ ಜಗ್ಗಿ ಎಚ್ಚರಿಸುತ್ತಿತ್ತು. ಇದು ಎಣ್ಣೆಯ ಮೇಲೆ ಜಾರಿದ ಹಾಗೆ ಹೊರಟೇಬಿಟ್ಟಿತು. ಮುಂದೆ ಹಾರನ್ ಊದಿದ್ದರಂತೆ. ನಮ್ಮ ಡಬ್ಬಿಗೆ ಕೇಳಲಿಲ್ಲ. ಗಾರ್ಡು ಪ್ಲಾಟ್‌ಫಾರಂ ಕಡೆ ನೋಡುತ್ತಿರಲಿಲ್ಲ, ಕೈಗಡಿಯಾರ ನೋಡುತ್ತಿದ್ದರು.

"ಅಯ್ಯೋ, ಅತ್ತೆ ಒಳಗವ್ಳೆ! ನಿಲ್ಸ್ರಪ್ಪೋ!" ಎಂದು ಮುನಿತಾಯಮ್ಮ ಬುಟ್ಟಿ ಬಿಸಾಡಿ ಓಡಿಬಂದಳು. ಬಾಗಿಲ ಕಂಬಿಗೆ ಕೈ ಹಾಕಿದಳು. ನಾನು ಅವಳ ತೋಳು ಹಿಡಿಯಲು ಬಗ್ಗಿದೆ. ಬೆರಳು ತಾಗಿತು, ಹಿಡಿತ ಸಿಗಲಿಲ್ಲ. ಅವಳು ಪ್ಲಾಟ್‌ಫಾರಂ ಕೊನೆಯಲ್ಲಿ ಜಲ್ಲಿಯ ಮೇಲೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಹಮಾಲಿ ಅಂಜಿನಯ್ಯ ಅವಳ ಕಡೆ ಓಡುತ್ತಿದ್ದ. ಮುಂದೆ ತಿರುವು ಬಂದು ಏನೂ ಕಾಣಲಿಲ್ಲ.

ಆಗ ನಾನು ಸರಪಳಿ ಎಳೆದೆ. ಹೌದು, ಎಳೆದೆ. ಅದು ಸುಮ್ಮನೆ ಕೈಗೆ ಬಂದು, ಬಾವಿಯ ಹಗ್ಗದ ಹಾಗೆ ಜೋತುಬಿತ್ತು. ಮತ್ತೆ ಎಳೆದೆ, ಇನ್ನಷ್ಟು ಬಂತು. ರೈಲು ನಿಲ್ಲಲಿಲ್ಲ, ನಿಧಾನವೂ ಆಗಲಿಲ್ಲ. ಅದರ ಆ ತುದಿ ಯಾವುದಕ್ಕೂ ಸೇರಿಯೇ ಇರಲಿಲ್ಲ.

"ಟೀಚರಮ್ಮ, ರೈಲು ಹೊಂಟೋಯ್ತಾ? ಸದ್ದೇ ಇಲ್ವಲ್ಲ. ನನ್ ಸೊಸೆ ಎಲ್ಲವ್ವ?" ಎಂದು ಲಿಂಗಮ್ಮ ಕೇಳಿದಳು. ಡಬ್ಬಿಯ ಹೆಂಗಸರ ಗದ್ದಲದಲ್ಲಿ ಸೊಸೆಯ ಕೂಗು ಆಕೆಗೆ ಕೇಳಿಸಿರಲಿಲ್ಲ.

"ಪಕ್ಕದ ಡಬ್ಬಿ ಹತ್ತಿದ್ದಾಳೆ ಅಜ್ಜಿ. ಬುಟ್ಟಿ ದೊಡ್ಡದಲ್ಲವಾ, ಇಲ್ಲಿ ಜಾಗ ಇರಲಿಲ್ಲ" ಎಂದೆ. ಬೇರೇನು ಹೇಳಲಿ? ಅವಳು ಬದುಕಿದ್ದಾಳೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಮುದುಕಿ ಸಮಾಧಾನವಾಗಿ ನನ್ನ ಕೈ ಹಿಡಿದು ಕೂತಳು.

ಮುಂದಿನದನ್ನು ತಾವು ಗಮನವಿಟ್ಟು ಓದಬೇಕೆಂದು ಪ್ರಾರ್ಥನೆ. ಬಿನ್ನಿಪೇಟೆಯ ಹತ್ತಿರ ಬಂದು ರೈಲು ನಿಂತುಬಿಟ್ಟಿತು. ಸಿಟಿ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರಂ ಖಾಲಿಯಿಲ್ಲ, ಸಿಗ್ನಲ್ ಬಿದ್ದಿಲ್ಲ. ಗಿರಣಿಯ ಗೋಡೆ ನೋಡುತ್ತ ಕೂತೆವು. ಹಳೆಯ ಎಂಜಿನ್ನು ಕೆಂಗೇರಿಯಲ್ಲಿ ನೀರು ಕುಡಿಯುತ್ತಿದ್ದಷ್ಟು ಹೊತ್ತು, ಬಹುಶಃ ಅದಕ್ಕಿಂತ ಹೆಚ್ಚು. ವೇಳಾಪಟ್ಟಿ ಬದಲಾದಂದಿನಿಂದ ದಿನವೂ ಹೀಗೆಯೇ.

"ಸ್ಟೇಷನ್ ಬಂತಾ?" ಎಂದಳು ಲಿಂಗಮ್ಮ.

"ಇಲ್ಲ ಅಜ್ಜಿ, ಸಿಗ್ನಲ್ ಸಿಕ್ಕಿಲ್ಲ."

"ಕೆಂಗೇರೀಲಿ ನಿಲ್ಲಕ್ಕೆ ಆಗ್ದಿದ್ದೋನು ಇಲ್ಲಿ ಯಾಕವ್ವಾ ನಿಂತವ್ನೆ?"

ಮಾನ್ಯರೇ, ಈ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಉತ್ತರ ತಮ್ಮಲ್ಲಿದೆಯೇ?

ಸಿಟಿ ಸ್ಟೇಷನ್ನಿನಲ್ಲಿ ಗಾರ್ಡು ನಮ್ಮ ಡಬ್ಬಿಗೆ ಬಂದು, "ಚೈನ್ ಎಳೆದವರು ಯಾರು?" ಎಂದು ಗದರಿಸಿದರು.

"ನಾನು. ಆದರೆ ರೈಲು ನಿಲ್ಲಲಿಲ್ಲವಲ್ಲ, ಎಳೆದದ್ದು ನಿಮಗೆ ಹೇಗೆ ಗೊತ್ತಾಯಿತು?"

"ಹೊರಗಡೆಯಿಂದಾನೇ ಕಾಣಿಸ್ತಾ ಇದೆಯಲ್ಲಮ್ಮ, ಜೋತಾಡ್ತಾ ಇರೋದು!"

ಒಬ್ಬ ಹೆಂಗಸು ಕೆಂಗೇರಿಯಲ್ಲಿ ಬಿದ್ದಿದ್ದಾಳೆ, ದಯವಿಟ್ಟು ಫೋನ್ ಮಾಡಿ ವಿಚಾರಿಸಿ ಎಂದು ಲಿಂಗಮ್ಮನಿಗೆ ಕೇಳದ ಹಾಗೆ ಬೇಡಿಕೊಂಡೆ. "ಸುದ್ದಿ ಬಂದಿಲ್ಲ ಅಂದ್ರೆ ಏನೂ ಆಗಿಲ್ಲ ಅಂತಾನೇ ಅರ್ಥ ಕಣಮ್ಮ. ಮೊದಲು ನಿಮ್ಮ ಹೆಸರು, ವಿಳಾಸ ಹೇಳಿ" ಎಂದರು. ಬಿದ್ದವಳ ಹೆಸರನ್ನು ಯಾರೂ ಕೇಳಲಿಲ್ಲ.

ಶಾಲೆಗೆ ರಜೆ ಹೇಳಿಕಳಿಸಿ ಲಿಂಗಮ್ಮನನ್ನು ಆಸ್ಪತ್ರೆಗೆ ಸೇರಿಸಿದೆ. ಸೊಸೆ ಹೂವು ಮಾರಿ ಬರುತ್ತಾಳೆ ಎಂದು ಇನ್ನೊಂದು ಸುಳ್ಳು ಹೇಳಿದೆ. ಸಂಜೆ ಕೆಂಗೇರಿಗೆ ಬಂದವಳು ಮನೆಗೆ ಹೋಗದೆ ನೆಟ್ಟಗೆ ಮುನಿತಾಯಮ್ಮನ ಮನೆಗೆ ಓಡಿದೆ. ಜಗಲಿಯ ಮೇಲೆ ಕೂತಿದ್ದಳು. ಬಲ ಮಣಿಕಟ್ಟು ಮುರಿದು ಬಿದಿರು ದಬ್ಬೆ ಕಟ್ಟಿದ್ದರು, ಮುಖವೆಲ್ಲ ತರಚಿತ್ತು. ಅವಳನ್ನು ಜೀವಸಹಿತ ಕಂಡು ನನಗೆ ಅಲ್ಲಿಯೇ ಅಳು ಬಂದುಬಿಟ್ಟಿತು. ಅವಳು ಅಳಲಿಲ್ಲ. "ಅತ್ತೆಗೆ ಆಸ್ಪತ್ರೇಲಿ ಹಾಸಿಗೆ ಕೊಟ್ರಾ?" ಎಂದು ಕೇಳಿದಳು.

ಕೊಟ್ಟರು. ಆಪರೇಷನ್ನೂ ಆಯಿತು. ಸೊಸೆ ಬಾರದ್ದಕ್ಕೆ ಲಿಂಗಮ್ಮನಿಗೆ ದಿನಕ್ಕೊಂದು ನೆಪ ಹೇಳಿದೆ. ಕಟ್ಟು ಬಿಚ್ಚುವ ದಿನ ಮುನಿತಾಯಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಲಿಂಗಮ್ಮ ಬಹಳ ಹೊತ್ತು ಸೊಸೆಯ ಮುಖವನ್ನೇ ನೋಡಿದಳು. "ಎಷ್ಟ್ ಬಡವಾಗಿದ್ದೀಯೆ" ಎಂದಳು. ಆಮೇಲೆ, "ಸೆರಗಿನೊಳಗೆ ಏನ್ ಮುಚ್ಚಿಟ್ಕಂಡಿದ್ದೀಯ? ಕೈ ತೋರ್ಸು" ಎಂದಳು. ಮುನಿತಾಯಮ್ಮ ತೋರಿಸಲಿಲ್ಲ. ಮುದುಕಿ ತಾನೇ ಸೆರಗು ಸರಿಸಿ, ಆ ದಬ್ಬೆ ಕಟ್ಟಿದ ಕೈಯನ್ನು ನೋಡಿ, ನನ್ನ ಕಡೆ ತಿರುಗಿದಳು.

"ಪಕ್ಕದ ಡಬ್ಬೀಲಿ ಅವ್ಳೆ ಅಂದ್ಯಲ್ಲ, ಟೀಚರಮ್ಮ."

ಆ ನೋಟವನ್ನು ನಾನು ಎದುರಿಸಿದ್ದೇನೆ. ಎದುರಿಸಬೇಕಾದವರು ತಾವಾಗಿದ್ದಿರಿ.

ಮೂಳೆ ಕೂಡಿದೆ, ಸೊಟ್ಟಗೆ ಕೂಡಿದೆ. ಬೆರಳುಗಳು ಪೂರ್ತಿ ಮಡಿಸುವುದಿಲ್ಲ. ಹೂವು ಕಟ್ಟುವುದಕ್ಕೆ ಎರಡು ಕೈಯ ಬೆರಳೂ ಬೇಕು. ತಮ್ಮ ಮನೆಯ ಹೆಂಗಸರನ್ನು ಕೇಳಿದರೆ ಹೇಳುತ್ತಾರೆ. ಈಗ ಅತ್ತೆ ಹೊಸ ಕಣ್ಣಿನಿಂದ ಮಾಲೆ ಕಟ್ಟುತ್ತಾಳೆ, ಸೊಸೆ ಎಡಗೈಯಲ್ಲಿ ಹೂವು ಜೋಡಿಸಿಕೊಡುತ್ತಾಳೆ. ಬದುಕು ನಡೆಯುತ್ತಿದೆ, ಕುಂಟುತ್ತ.

ಇನ್ನು ನನ್ನ ಅನುಮಾನಗಳು. ಉಳಿಸಿದ ನಿಮಿಷಗಳನ್ನೆಲ್ಲ ಬಿನ್ನಿಪೇಟೆಯ ಗೋಡೆಯ ಪಕ್ಕದಲ್ಲಿ ಸುರಿಯುವುದಾದರೆ ಅವನ್ನು ನಮ್ಮಿಂದ ಕಿತ್ತುಕೊಂಡದ್ದೇಕೆ? ಹೊಸ ಎಂಜಿನ್ ಬಂದು ವೇಗ ಹೆಚ್ಚಿತೆಂದು ಮೇಲಿನವರಿಗೆ ತೋರಿಸಲು ಎಲ್ಲೋ ಒಂದು ಕಡೆ ಸಮಯ ಕತ್ತರಿಸಬೇಕಿತ್ತು, ಕೇಳುವವರಿಲ್ಲದ ಊರೆಂದು ಕೆಂಗೇರಿಯನ್ನು ಆರಿಸಿದಿರಿ ಎಂದು ನಾನು ಭಾವಿಸಿದರೆ ತಪ್ಪೇ? ಇನ್ನೊಂದು ಸಂಗತಿ. ನಮ್ಮ ಸ್ಟೇಷನ್ನಿನ ಎದುರಿಗೆ ಈಗ ದಿನಾ ಬೆಳಿಗ್ಗೆ ಒಂದು ಲಾರಿ ಬಂದು ನಿಲ್ಲುತ್ತದೆ. ರೈಲಿಗೆ ಏರಿಸಲಾಗದ ಬುಟ್ಟಿಗಳು ಅದರಲ್ಲಿ ಹೋಗುತ್ತವೆ, ಲಾರಿಯವನು ಹೇಳಿದ ಬಾಡಿಗೆಗೆ. ಆ ಲಾರಿ ಬರತೊಡಗಿದ್ದು ಹೊಸ ವೇಳಾಪಟ್ಟಿಯನ್ನು ಅಂಟಿಸುವುದಕ್ಕೆ ಮುಂಚೆ. ಸ್ಟೇಷನ್ ಮಾಸ್ತರಿಗೇ ತಿಳಿಯದಿದ್ದ ಸುದ್ದಿ ಲಾರಿಯವನಿಗೆ ಯಾರು ಹೇಳಿದರು? ಎಲ್ಲ ಕಾಕತಾಳೀಯವೆಂದು ತಾವು ಬಹಿರಂಗವಾಗಿ ಹೇಳಿದರೆ ನಂಬಲು ಪ್ರಯತ್ನಿಸುತ್ತೇನೆ. ಖಾಸಗಿಯಾಗಿ ಹೇಳಿದರೆ ನಂಬುವುದಿಲ್ಲ. ಮತ್ತೆ ಆ ಸರಪಳಿ: ಪ್ರಯಾಣಿಕರು ಸುಮ್ಮಸುಮ್ಮನೆ ಎಳೆಯುತ್ತಾರೆಂದು ಬಿಚ್ಚಿಹಾಕಿದ್ದಾರೆ ಎಂದು ಯಾರೋ ಹೇಳಿದರು. ಹಾಗಿದ್ದರೆ ಅದರ ಕೆಳಗೆ 'ಅಪಾಯವಾದಾಗ ಎಳೆಯಿರಿ' ಎಂದು ಬರೆದಿರುವುದು ಯಾರ ಮನರಂಜನೆಗೆ?

ಕೆಂಗೇರಿಯಲ್ಲಿ ರೈಲು ಮೊದಲಿನಷ್ಟು ಹೊತ್ತು ನಿಲ್ಲಬೇಕು. ಹತ್ತುವವರೆಲ್ಲ ಹತ್ತಿದ್ದನ್ನು ನೋಡಿದ ಮೇಲೆಯೇ ಗಾರ್ಡು ಬಾವುಟ ಬೀಸಬೇಕು. ಸರಪಳಿಯನ್ನು ಜೋಡಿಸಬೇಕು, ಇಲ್ಲವೇ ಬರಹವನ್ನು ಅಳಿಸಬೇಕು. ಮುನಿತಾಯಮ್ಮನ ಕೈಗೆ ರೈಲ್ವೆ ಹೊಣೆ ಹೊರಬೇಕು. ಇಷ್ಟನ್ನು ಕೇಳುವುದಕ್ಕೆ ನನಗೆ ಅಧಿಕಾರವಿಲ್ಲವೆಂದು ತೋರಿದರೆ ಒಂದು ಕೆಲಸ ಮಾಡಿ. ಯಾವುದಾದರೂ ಒಂದು ಬೆಳಿಗ್ಗೆ ಮುಂಚಿತವಾಗಿ ತಿಳಿಸದೆ ಕೆಂಗೇರಿಗೆ ಬನ್ನಿ. ಜವಾನನನ್ನೂ ಫೋಟೋದವರನ್ನೂ ಕರೆತರಬೇಡಿ. ತಮ್ಮ ಮನೆಯ ಹಿರಿಯರೊಬ್ಬರ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಬುಟ್ಟಿ ಹಿಡಿದು, ತಮ್ಮದೇ ವೇಳಾಪಟ್ಟಿಯ ಒಂದು ನಿಮಿಷದಲ್ಲಿ ಆ ರೈಲು ಹತ್ತಿ ತೋರಿಸಿ. ಇಬ್ಬರೂ ಹತ್ತಿದರೆ ನಾನು ಕ್ಷಮಾಪಣೆಯನ್ನು ಅಲ್ಲಿಯೇ ಬರೆದುಕೊಡುತ್ತೇನೆ. ಒಬ್ಬರೇ ಹತ್ತಿದರೆ, ಕೆಳಗೆ ಉಳಿದವರನ್ನು ನಾವು ನೋಡಿಕೊಳ್ಳುತ್ತೇವೆ.

ಇಂತಿ,
ತಮ್ಮನ್ನು ನಂಬದಿದ್ದರೂ ಸೋಮವಾರ ಬೆಳಿಗ್ಗೆ ತಮ್ಮ ರೈಲನ್ನೇ ಹತ್ತಬೇಕಾಗಿರುವ
ಜಗದಾಂಬಾ
ಉಪಾಧ್ಯಾಯಿನಿ, ಕೆಂಗೇರಿ