ಅಂಗಳದ ಪೈನ್ ಮರದ ತೂಕ

ಸೊಸೆಗೆ ಅತ್ತೆಯ ಆಶೀರ್ವಾದ.

ನಿನ್ನ ವರದಿಯನ್ನು ಇನ್ನೂ ಕಳಿಸಿರದಿದ್ದರೆ ತಡೆ. ನಮ್ಮ ಪೈನ್ ಮರದ ವಿಷಯದಲ್ಲಿ ಅಳತೆಯಿಂದ ತೂಕ ಹೇಳುವ ನಿನ್ನ ಸಮೀಕರಣ ತಪ್ಪಿಲ್ಲ.

ಮರ ಕಡಿಯುವ ಮೊದಲು ನೀನು ಕಾಂಡದ ಸುತ್ತಳತೆಯನ್ನೂ ಎತ್ತರವನ್ನೂ ಅಳೆದು, ಕೊಂಬೆ ಎಲೆ ಸೇರಿ ನೂರ ಎಂಬತ್ತು ಕಿಲೋ ಎಂದೆ. "ಟೇಪು ಸುತ್ತಿದ್ರೆ ತೂಕ ಗೊತ್ತಾಗೋದಾದ್ರೆ ತಕ್ಕಡಿ ಯಾಕಮ್ಮ ಬೇಕು?" ಎಂದು ಎಲ್ಲರೆದುರು ನಕ್ಕವಳು ನಾನು. ಕಡಿದ ಮರುದಿನ ತಕ್ಕಡಿ ನೂರ ಅರವತ್ತೊಂದು ತೋರಿಸಿತು. "ಮೂರು ವರ್ಷದ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು, ಅತ್ತೆ" ಎಂದು ನೀನು ಹೊರಟೆ.

ತೂಗುವವರೆಗೆ ಏನನ್ನೂ ಮುಟ್ಟಬೇಡಿ ಎಂದು ನೀನು ಹೇಳಿದ್ದೆ. ಆದರೂ ಕಡಿದ ದಿನ ಸಂಜೆ ಅಂಗಳದ ಕಸ ನೋಡಲಾರದೆ, ಮುರಿದ ರೆಂಬೆ, ಉದುರಿದ ಸೂಜಿಯೆಲೆ ಎಲ್ಲವನ್ನೂ ಗುಡಿಸಿ ಆರು ಬುಟ್ಟಿ ಒಲೆಗೆ ಹಾಕಿದ್ದೆ.

ನಿನ್ನೆ ಕಾಡಂಚಿನ ಪೈನ್ ಮರದಿಂದ ಅಂಥವೇ ರೆಂಬೆ, ಎಲೆ ತರಿಸಿ, ಅದೇ ಬುಟ್ಟಿಯಲ್ಲಿ ಆರು ಸಲ ತುಂಬಿ ತೂಗಿದೆ. ಹದಿನೆಂಟೂವರೆ ಕಿಲೋ. ನೂರ ಅರವತ್ತೊಂದಕ್ಕೆ ಕೂಡಿಸಿದೆ, ನೂರ ಎಪ್ಪತ್ತೊಂಬತ್ತೂವರೆ. ಆ ಮರ ನೆಟ್ಟವಳು ನಾನು, ಮೂವತ್ತು ವರ್ಷ ಅದರ ಕೆಳಗೆ ಗುಡಿಸಿದವಳು ನಾನು. ಅದು ತಲೆಯ ಮೇಲೆ ಎಷ್ಟು ಭಾರ ಹೊತ್ತು ನಿಂತಿತ್ತು ಎಂದು ನನಗೆ ತಿಳಿದಿರಲಿಲ್ಲ. ಒಂದು ಟೇಪು ಹಿಡಿದು ಬಂದ ನಿನಗೆ, ನಾನು ಬೂದಿ ಮಾಡಿದ್ದೂ ಲೆಕ್ಕಕ್ಕೆ ಸಿಕ್ಕಿತ್ತು.

ನಿನ್ನೆ ತೂಗಿದ ಆರು ಬುಟ್ಟಿಯನ್ನು ಮೂಟೆ ಕಟ್ಟಿಸಿಟ್ಟಿದ್ದೇನೆ. ಭಾನುವಾರ ಬಂದು ನೀನೇ ತೂಗು. ವರದಿಯಲ್ಲಿ ತೂಕ ಕಡಿಮೆ ಬಂದ ಕಾರಣ ಬರೆಯುವ ಕಡೆ ‘ಅತ್ತೆ ಗುಡಿಸಿದರು’ ಎಂದೇ ಬರೆ. ತಪ್ಪನ್ನು ಗಾಳಿಯ ಮೇಲೆ ಹಾಕಬೇಡ.

ಇಂತು,
ನಿನ್ನ ಅತ್ತೆ